ಕಿಂಡರ್‌ಗಾರ್ಟನ್ ಮುಗಿಯುವ ಮೊದಲೇ ಊರಿಗೆ ಟಿಕೆಟ್ ಮಾಡಬೇಡಿ

ಕಳೆದ ಮೇ ತಿಂಗಳ ಮೂರನೆಯ ವಾರ ಚಿಕ್ಕಮಗಳೂರಿನಲ್ಲಿ ನಡೆದ ಬಂಧುಗಳ ಮದುವೆಯೊಂದರಲ್ಲಿ, ಕ್ಯಾಲಿಫೋರ್ನಿಯಾದಿಂದ ಬಂದಿದ್ದ ಯುವ ದಂಪತಿಯ ಪರಿಚಯವಾಯಿತು. ಮಗಳ ಸ್ಕೂಲು ಮುಗಿಯಿತೇ ಎಂದು ಕೇಳಿದ್ದಕ್ಕೆ ಆ ತಾಯಿ, "ಇನ್ನೂ ಎರಡೂವರೆ ವಾರ ಇದೆ ಅಕ್ಕ. ಕಿಂಡರ್‌ಗಾರ್ಟನ್ ತಾನೇ, ಕೊನೇಲಿ ಬರೀ ಆಟ ಆಡಿಸ್ತಾರೆ ಅಂತ ಕರ್ಕೊಂಡು ಬಂದ್ಬಿಟ್ವಿ" ಎಂದರು. 2017ರಲ್ಲಿ ನಾವೂ ಕ್ಯಾಲಿಫೋರ್ನಿಯಾದಲ್ಲಿದ್ದು, ಮಗ ಕಿಂಡರ್‌ಗಾರ್ಟನ್‌ನಲ್ಲಿ, ಅಂದರೆ ಒಂದನೇ ತರಗತಿಗೆ ಮುಂಚಿನ ನಮ್ಮ ಯುಕೆಜಿಯಂಥ ವರ್ಷದಲ್ಲಿ ಇದ್ದಾಗ, ಹಾಸನದಲ್ಲಿರುವ ನಮ್ಮ ಅತ್ತೆಯವರಿಗೆ ನಾನು ಫೋನಿನಲ್ಲಿ ಹೇಳಿದ್ದ ಮಾತೂ ಇದೇ ಆಗಿತ್ತು, ಅದಕ್ಕೆ ನಾವು ಒಂದಿಡೀ ವರ್ಷ ಬೆಲೆ ತೆರಬೇಕಾಯಿತು. ನಾವು ಹಾಸನಕ್ಕೆ ಮರಳಿ ನೆಲೆಸಿದ ಮೇಲೂ ಪ್ರತಿ ಬೇಸಿಗೆಯಲ್ಲಿ ಯಾರಾದರೊಬ್ಬರು ಅದೇ ತಪ್ಪು ಮಾಡಿಕೊಂಡು ಬರುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ದಾಖಲಾತಿ, ಲಸಿಕೆಯ ಪತ್ರ, ವಿಳಾಸದ ಪುರಾವೆ ಮುಂತಾದವು ಎಲ್ಲರಿಗೂ ಗೊತ್ತಿರುವ ಸಂಗತಿಗಳಾದ್ದರಿಂದ ಅವನ್ನು ಇಲ್ಲಿ ಮುಟ್ಟುವುದಿಲ್ಲ.

ತಪ್ಪಿನ ಮೂಲ ನಮ್ಮ ತಲೆಯಲ್ಲಿರುವ ಕ್ಯಾಲೆಂಡರಿನಲ್ಲಿದೆ. ಹಾಸನದ ಶಾಲೆಗಳಲ್ಲಿ ಮಾರ್ಚ್ ಮುಗಿಯುವ ಹೊತ್ತಿಗೆ ವಾರ್ಷಿಕ ಪರೀಕ್ಷೆ ಮುಗಿದಿರುತ್ತದೆ, ಏಪ್ರಿಲ್ 10ರ ಸುಮಾರಿಗೆ ಫಲಿತಾಂಶ ಬರುತ್ತದೆ, ಅಲ್ಲಿಂದ ಮೇ ಕೊನೆಯವರೆಗೆ ಮಕ್ಕಳು ಅಜ್ಜಿಯ ಮನೆಯಲ್ಲಿರುತ್ತಾರೆ. ಪರೀಕ್ಷೆ ಆದ ಮೇಲೆ ಶಾಲೆಗೆ ಹೋದರೂ ಒಂದೇ, ಬಿಟ್ಟರೂ ಒಂದೇ ಎಂಬುದು ನಮಗೆ ಬಾಲ್ಯದಿಂದ ರೂಢಿಯಾದ ಎಣಿಕೆ. ಅಮೆರಿಕದ ಕಿಂಡರ್‌ಗಾರ್ಟನ್‌ನಲ್ಲಿ ಅಂಥ ಒಂದು ಪರೀಕ್ಷೆ ಇರುವುದೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆಗಸ್ಟ್‌ನಲ್ಲಿ ಶುರುವಾದ ವರ್ಷ ಸಾಮಾನ್ಯವಾಗಿ ಜೂನ್ ಮೊದಲ ವಾರದ ಆಸುಪಾಸಿನವರೆಗೆ ನಡೆಯುತ್ತದೆ, ಮತ್ತು ವರ್ಷದ ಅತಿ ಹೆಚ್ಚಿನ ಕೆಲಸ ಮೇ ತಿಂಗಳಲ್ಲಿಯೇ ತುಂಬಿಕೊಂಡಿರುತ್ತದೆ.

ಆ ತಿಂಗಳಲ್ಲಿ ಶಿಕ್ಷಕಿಯು ಒಂದೊಂದು ಮಗುವನ್ನೂ ಪಕ್ಕದ ಸಣ್ಣ ಮೇಜಿಗೆ ಕರೆದು ಕೂರಿಸಿಕೊಂಡು, ಒಂದೊಂದಾಗಿಯೂ ಹತ್ತು ಹತ್ತಾಗಿಯೂ 100ರವರೆಗೆ ಎಣಿಸಲು ಬರುತ್ತದೆಯೇ, 0ಯಿಂದ 20ರವರೆಗೆ ಬರೆಯಲು ಬರುತ್ತದೆಯೇ, 5ರೊಳಗಿನ ಕೂಡುವ ಕಳೆಯುವ ಲೆಕ್ಕ ತಡವರಿಸದೆ ಬರುತ್ತದೆಯೇ, ದೊಡ್ಡ ಸಣ್ಣ ಅಕ್ಷರಗಳೆಲ್ಲ ಗುರುತು ಸಿಗುತ್ತವೆಯೇ ಎಂದು ನೋಡುತ್ತಾರೆ. ಇವು ಆ ರಾಜ್ಯ 2010ರಲ್ಲಿ ಒಪ್ಪಿಕೊಂಡ ಕಾಮನ್ ಕೋರ್ ಗುರಿಗಳು, ಅಂದರೆ ಅಲ್ಲಿನ ಹಲವು ರಾಜ್ಯಗಳು ಹಂಚಿಕೊಂಡಿರುವ ಕಲಿಕೆಯ ಗುರಿಗಳು. ಅಲ್ಲಿನ ನನ್ನ ಮಗನ ಶಾಲೆಯ ರಿಪೋರ್ಟ್ ಕಾರ್ಡಿನಲ್ಲಿ ರ‍್ಯಾಂಕ್ ಇರಲಿಲ್ಲ, ಒಂದೊಂದು ಗುರಿಯ ಎದುರಿಗೂ 1ರಿಂದ 4ರೊಳಗಿನ ಒಂದು ಅಂಕಿ ಇರುತ್ತಿತ್ತು. ಮಗು ಊರಿಗೆ ಹೊರಟುಹೋಗಿದ್ದರೆ ಆ ಅಂಕಣಗಳು ಖಾಲಿ ಉಳಿಯುತ್ತವೆ, ಒಂದನೇ ತರಗತಿಯ ಶಿಕ್ಷಕಿಗೆ ಆ ಮಗುವಿನ ಬಗ್ಗೆ ಅರ್ಧ ಮಾಹಿತಿಯಷ್ಟೇ ತಲುಪುತ್ತದೆ.

ಆಟವೆಂದು ನಾವು ತಳ್ಳಿಹಾಕುವುದರ ಒಳಗೂ ಪಾಠವಿದೆ. ಶಾಲೆ ಮುಗಿಯಲು 26 ದಿನ ಇರುವಾಗ ದಿನಕ್ಕೊಂದು ಇಂಗ್ಲಿಷ್ ಅಕ್ಷರದಂತೆ ಎಣಿಕೆ ಆರಂಭಿಸುವುದು ಅಲ್ಲಿನ ಅನೇಕ ತರಗತಿಗಳ ಪದ್ಧತಿ, ಬಿ ಅಕ್ಷರದ ದಿನ ಬಬಲ್ಸ್ ಊದಿದರೆ ಪಿ ಅಕ್ಷರದ ದಿನ ಪೈಜಾಮಾ ತೊಟ್ಟು ಬರುತ್ತಾರೆ. ಕಿಟಕಿಯ ಬಳಿಯ ಲೋಟಗಳಲ್ಲಿ ಹುರುಳಿಕಾಯಿ ಬೀಜ ಮೊಳೆತಿರುತ್ತದೆ. ನನ್ನ ಮಗನ ತರಗತಿಯಲ್ಲಿ ಪೇಂಟೆಡ್ ಲೇಡಿ ಎಂಬ ಚಿಟ್ಟೆಯ ಕಂಬಳಿಹುಳುಗಳನ್ನು ಮುಚ್ಚಳವಿದ್ದ ಲೋಟದಲ್ಲಿ ಸಾಕಿದ್ದರು. ಚನ್ನರಾಯಪಟ್ಟಣದ ಬಳಿಯ ತವರಿನಲ್ಲಿ ರೇಷ್ಮೆ ಹುಳು ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರುವುದನ್ನು ನೋಡಿ ಬೆಳೆದ ನನಗೂ ಆ ಪುಟ್ಟ ಲೋಟದ ಮುಂದೆ ನಿಂತಾಗ ಸಂತೋಷವಾಗಿತ್ತು. ಹುಳುಗಳು ಮುಚ್ಚಳಕ್ಕೆ ತಲೆಕೆಳಗಾಗಿ ಜೆ ಅಕ್ಷರದಂತೆ ನೇತುಬಿದ್ದು ಕೋಶವಾದ ಮೇಲೆ, ಶಿಕ್ಷಕಿ ಅವನ್ನು ಜಾಲರಿಯ ಪಂಜರಕ್ಕೆ ಸಾಗಿಸಿದರು. ಅಲ್ಲಿಂದ ಏಳರಿಂದ ಹತ್ತು ದಿನಗಳಲ್ಲಿ ಚಿಟ್ಟೆ ಹೊರಬರುತ್ತದೆ, ಬರುವಾಗ ಕೆಂಪು ದ್ರವದ ಹನಿಗಳು ಬೀಳುತ್ತವೆ, ಅದನ್ನು ರಕ್ತವೆಂದು ಮಕ್ಕಳು ಹೆದರಬಾರದೆಂದು ಶಿಕ್ಷಕಿ ಮುಂಚಿತವಾಗಿಯೇ ತಿಳಿಸಿಟ್ಟಿದ್ದರು. ಕೋಶವಾದ ಮರುದಿನವೇ ನಾವು ವಿಮಾನ ಹತ್ತಿದೆವು. ಚಿಟ್ಟೆಯ ಬೆಳವಣಿಗೆಯನ್ನು ಮಗ ಚಿತ್ರಿಸುತ್ತಿದ್ದ ಪುಸ್ತಕ ಈಗಲೂ ನಮ್ಮ ಬೀರುವಿನಲ್ಲಿದೆ. ಮೊಟ್ಟೆ, ಹುಳು, ಕೋಶ ಎಂದು ಮೂರು ಚೌಕಗಳಲ್ಲಿ ಬಣ್ಣದ ಚಿತ್ರಗಳಿವೆ, ನಾಲ್ಕನೆಯ ಚೌಕದಲ್ಲಿ ಏನೂ ಇಲ್ಲ.

ಇನ್ನು ಹಣ ಮತ್ತು ಸಮಯ ತಿಂದ ಸಂಗತಿಗೆ ಬರುತ್ತೇನೆ. ಬೇಲೂರಿನಲ್ಲಿ ನಾದಿನಿಯ ಮನೆಯ ಗೃಹಪ್ರವೇಶವಿತ್ತು, ಮೇ ಮಧ್ಯದ ಟಿಕೆಟ್ ಜೂನ್‌ಗಿಂತ ಅಗ್ಗವಾಗಿ ಸಿಕ್ಕಿತು, ಹೀಗಾಗಿ ಮಗನಿಗೆ 13 ಶಾಲಾ ದಿನಗಳು ತಪ್ಪಿದವು. ಶಿಕ್ಷಕಿಗೆ ಬಾಯಿಮಾತಿನಲ್ಲಿ ಹೇಳಿದ್ದೆ, ಅವರು ನಗುತ್ತಾ ಶುಭ ಪ್ರಯಾಣ ಕೋರಿದ್ದರು, ಅದನ್ನು ನಾನು ಅನುಮತಿ ಎಂದುಕೊಂಡೆ. ಅನುಮತಿ ಕೊಡುವ ಅಧಿಕಾರ ಶಿಕ್ಷಕಿಗೆ ಇರುವುದಿಲ್ಲ, ಹಾಜರಾತಿ ನೋಡಿಕೊಳ್ಳುವುದು ಶಾಲೆಯ ಕಚೇರಿ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಊರಿಗೆ ಹೋಗುವ ಪ್ರವಾಸ ಮಾನ್ಯ ಕಾರಣಗಳ ಪಟ್ಟಿಯಲ್ಲಿಲ್ಲ. ಕಿಂಡರ್‌ಗಾರ್ಟನ್ ಅಲ್ಲಿ ಕಡ್ಡಾಯವಲ್ಲ ಎಂದು ಯಾರೋ ಧೈರ್ಯ ಹೇಳಿದ್ದರು. ಆ ಮಾತು ನಿಜವೇ, ಆದರೆ ಕಡ್ಡಾಯ ಶಿಕ್ಷಣ ಆರು ವರ್ಷಕ್ಕೆ ಆರಂಭವಾಗುತ್ತದೆ, ನನ್ನ ಮಗನಿಗೆ ಜನವರಿಯಲ್ಲಿಯೇ ಆರು ತುಂಬಿತ್ತು. ಮಾನ್ಯ ಕಾರಣವಿಲ್ಲದೆ ಒಂದು ವರ್ಷದಲ್ಲಿ ಮೂರು ಪೂರ್ತಿ ದಿನ ತಪ್ಪಿಸಿದ ಮಗುವನ್ನು ಟ್ರೂಯಂಟ್, ಅಂದರೆ ಶಾಲೆಗೆ ಚಕ್ಕರ್ ಹೊಡೆಯುವ ಮಗು ಎಂದು ವರ್ಗೀಕರಿಸುತ್ತಾರೆ, ಆ ಶಬ್ದವಿದ್ದ ಪತ್ರವನ್ನು ನಾನು ಹಾಸನದಲ್ಲಿ ಅತ್ತೆಯವರ ಜಗಲಿಯ ಮೇಲೆ ಕುಳಿತು ಮೊಬೈಲಿನಲ್ಲಿ ಓದಿದೆ.

ಪತ್ರಕ್ಕಿಂತ ದೊಡ್ಡ ಪೆಟ್ಟು ಆಗಸ್ಟ್‌ನಲ್ಲಿ ಬಿತ್ತು. ಸತತ ಗೈರಿನಿಂದಾಗಿ ಮಗನ ಹೆಸರನ್ನು ಹಾಜರಿ ಪಟ್ಟಿಯಿಂದ ತೆಗೆದಿದ್ದರು, ಒಂದನೇ ತರಗತಿಗೆ ಹೊಸಬರಂತೆ ಮತ್ತೆ ಅರ್ಜಿ ಹಾಕಬೇಕಾಯಿತು, ಅಷ್ಟರಲ್ಲಿ ಮನೆಯ ಹತ್ತಿರದ ಶಾಲೆಯ ಸೀಟುಗಳು ತುಂಬಿದ್ದವು. ಐದು ಮೈಲಿ ದೂರದ ಇನ್ನೊಂದು ಶಾಲೆಗೆ ಅವನನ್ನು ಕಳುಹಿಸಿದರು. ನಡೆದು ಹೋಗುತ್ತಿದ್ದ ಹುಡುಗನನ್ನು ವರ್ಷವಿಡೀ ಕಾರಿನಲ್ಲಿ ಬಿಟ್ಟು ಕರೆತರಬೇಕಾಯಿತು, ಕಚೇರಿಯಿಂದ ಹೊತ್ತಿಗೆ ಸರಿಯಾಗಿ ಹೊರಡಲು ಆಗದೆ ತಿಂಗಳಿಗೆ 600 ಡಾಲರ್ ಕೊಟ್ಟು ಶಾಲೆಯ ನಂತರದ ಆರೈಕೆ ಕೇಂದ್ರಕ್ಕೆ ಸೇರಿಸಬೇಕಾಯಿತು. ಟಿಕೆಟ್ಟಿನಲ್ಲಿ ನಾವು ಉಳಿಸಿದ್ದು ಮೂವರಿಗೆ ಸೇರಿ 900 ಡಾಲರ್.

ಶಾಲೆ ಇಷ್ಟು ಬಿಗಿಯಾಗಿರಲು ಕಾರಣ ತಿಳಿದರೆ ಕೋಪ ಕಡಿಮೆಯಾಗುತ್ತದೆ. ಆ ರಾಜ್ಯದಲ್ಲಿ ಶಾಲೆಗಳಿಗೆ ಬರುವ ಹಣ ಸರಾಸರಿ ದೈನಂದಿನ ಹಾಜರಾತಿಯ ಮೇಲೆ ನಿಂತಿದೆ, ದಾಖಲಾದ ಮಕ್ಕಳ ಲೆಕ್ಕ ಅದಕ್ಕೆ ಸಾಲದು. ಕಾರಣ ಏನೇ ಇರಲಿ, ಮಗು ಬಾರದ ದಿನ ಶಾಲೆಗೆ ನಷ್ಟವೇ. ಅಜ್ಜ ಅಜ್ಜಿಯರನ್ನು ವರ್ಷಕ್ಕೊಮ್ಮೆ ನೋಡುವ ಮಕ್ಕಳಿಗೆ ಮೂರು ದಿನಗಳ ಲೆಕ್ಕ ಹಾಕುವುದು ಕ್ರೂರವೆಂದೇ ಇಂದಿಗೂ ನನ್ನ ಅಭಿಪ್ರಾಯ, ಈ ವಿಷಯದಲ್ಲಿ ನಮ್ಮ ಊರಿನ ಶಾಲೆಗಳು ಮನೆತನದ ಕಷ್ಟ ಸುಖಗಳನ್ನು ಹೆಚ್ಚು ಬಲ್ಲವು. ಆದರೆ ಐದು ವರ್ಷದ ಮಗುವಿಗೆ ಕಾಪಿ ಬರೆಸಿ, ಯುಕೆಜಿಯಲ್ಲೇ ಅಂಕಪಟ್ಟಿ ಕೊಟ್ಟು, ಕೊನೆಯ ವಾರಗಳನ್ನು ವ್ಯರ್ಥವಾಗಿ ಬಿಡುವ ನಮ್ಮ ಪದ್ಧತಿಗಿಂತ, ಕೊನೆಯ ದಿನದವರೆಗೂ ಹುಳು ಚಿಟ್ಟೆಯಾಗುವುದನ್ನು ಕಾಯಿಸುವ ಅವರ ಪದ್ಧತಿ ಎಷ್ಟೋ ಮೇಲು.

ಆದ್ದರಿಂದ ಟಿಕೆಟ್ ಮಾಡುವ ಮೊದಲು ಶಾಲಾ ಜಿಲ್ಲೆಯ (ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತದ) ಕ್ಯಾಲೆಂಡರಿನಲ್ಲಿ ಕೊನೆಯ ದಿನವನ್ನು ನೋಡಿಕೊಂಡು, ಅದರ ಮರುದಿನದ ನಂತರವೇ ಹೊರಡಿ. ನ್ಯೂ ಜೆರ್ಸಿ, ಮ್ಯಾಸಚೂಸೆಟ್ಸ್ ಕಡೆ ಇರುವವರು ಇನ್ನೂ ಎಚ್ಚರವಾಗಿರಬೇಕು, ಏಕೆಂದರೆ ಚಳಿಗಾಲದಲ್ಲಿ ಹಿಮ ಬಿದ್ದು ರಜೆ ಕೊಟ್ಟ ದಿನಗಳನ್ನು ಜೂನ್ ಕೊನೆಗೆ ಸೇರಿಸಿ ಕೊನೆಯ ದಿನವನ್ನೇ ಮುಂದೂಡುವುದುಂಟು. ಹೊರಡಲೇಬೇಕಾದ ಸಂದರ್ಭ ಬಂದರೆ ಶಿಕ್ಷಕಿಯ ಬಳಿ ನಿಲ್ಲಿಸದೆ ಕಚೇರಿಗೆ ಲಿಖಿತವಾಗಿ ತಿಳಿಸಿ. ಕ್ಯಾಲಿಫೋರ್ನಿಯಾದಲ್ಲಾದರೆ ಇಂಡಿಪೆಂಡೆಂಟ್ ಸ್ಟಡಿ, ಅಂದರೆ ಶಾಲೆ ಕೊಟ್ಟ ಪಾಠವನ್ನು ಮಗು ಹೊರಗಿದ್ದೇ ಮಾಡುವ ಕರಾರು ಸಿಗುತ್ತದೆಯೇ ಎಂದು ವಾರಗಳ ಮೊದಲೇ ವಿಚಾರಿಸಿ. ಕೊಟ್ಟ ಅಭ್ಯಾಸವನ್ನು ಮಗು ಮುಗಿಸಿ ಒಪ್ಪಿಸಿದರೆ ಆ ದಿನಗಳು ಗೈರಾಗಿ ಉಳಿಯುವುದಿಲ್ಲ. ಎಲ್ಲ ಶಾಲೆಗಳೂ ಇದನ್ನು ಒಪ್ಪುವುದಿಲ್ಲ. ಮುಂದಿನ ವರ್ಷದ ಸೀಟು ಉಳಿದಿದೆಯೇ ಎಂಬ ಪ್ರಶ್ನೆಗೆ ಉತ್ತರವನ್ನು ಇಮೇಲಿನಲ್ಲಿಯೇ ಪಡೆದುಕೊಳ್ಳಿ.

ಕೊನೆಯ ದಿನದ ಸಮಾರಂಭಕ್ಕೆ ಕೋಡುಬಳೆ, ಮೈಸೂರುಪಾಕು ಮಾಡಿಕೊಂಡು ಹೋಗುವ ಮೊದಲು ಕೇಳಿಕೊಳ್ಳಿ. ಕಡಲೆಕಾಯಿಯ ಅಲರ್ಜಿಯ ಭಯದಿಂದ ಬಹಳಷ್ಟು ಶಾಲೆಗಳು ಮನೆಯ ತಿಂಡಿಯನ್ನು ಒಪ್ಪುವುದಿಲ್ಲ.

ಚಿಕ್ಕಮಗಳೂರಿನ ಆ ತಾಯಿ ನನ್ನ ಕಥೆ ಕೇಳಿ ಊಟದ ಎಲೆಯ ಮುಂದೆಯೇ ಮಂಕಾದರು. ಅಲ್ಲಿ ಬೆಳಿಗ್ಗೆ ಎಂಟೂವರೆ ಆಗುವ ಹೊತ್ತಿಗೆ, ಅಂದರೆ ನಮ್ಮ ರಾತ್ರಿ ಒಂಬತ್ತಕ್ಕೆ, ಛತ್ರದ ಮೆಟ್ಟಿಲ ಮೇಲೆ ಕುಳಿತು ಇಬ್ಬರೂ ಸೇರಿ ಶಾಲೆಯ ಕಚೇರಿಗೆ ಪತ್ರ ಬರೆದೆವು. ಮಗುವಿನ ಹೆಸರನ್ನು ಇನ್ನೂ ಪಟ್ಟಿಯಿಂದ ತೆಗೆದಿಲ್ಲ, ಹಿಂತಿರುಗುವ ದಿನಾಂಕವನ್ನು ಲಿಖಿತವಾಗಿ ತಿಳಿಸಿ ಎಂದು ಒಂದು ಗಂಟೆಯೊಳಗೆ ಉತ್ತರ ಬಂದಿತು.