ಪುಡಿಯ ಹೊಳಪಿನಲ್ಲಿ ಗಾಳಿಯ ಸುದ್ದಿ ಓದುವುದು ಹೇಗೆ?

ದಾವಣಗೆರೆಯವರಿಗೆ ಮಂಡಕ್ಕಿ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಮಳೆಗಾಲದಲ್ಲಿ ಬೇಗನೆ ಮೆತ್ತಗಾಗುತ್ತದೆ. ಗಾಳಿಯಲ್ಲಿ ತೇವ ಇದೆ ಅಂತ ಹಲ್ಲಿಗೇ ಗೊತ್ತಾಗುತ್ತದೆ, ಅಲ್ವಾ? ಜಿಂಕ್ ಆಕ್ಸೈಡ್ ಪುಡಿಯೂ ಗಾಳಿಯ ಸುದ್ದಿ ಹೇಳುತ್ತದೆ, ಆದರೆ ಬೆಳಕಿನಲ್ಲಿ. ತೇವ ಮಂಡಕ್ಕಿಯ ಒಳಗೇ ಇಳಿಯುತ್ತದೆ. ಇಲ್ಲಿ ಅನಿಲ ಕಣದ ಮೈಗೆ ಅಂಟಿ ಕೂರುತ್ತದೆ, ಅಷ್ಟೇ.

ಈ ಪುಡಿ ಒಂದು ಸೆಮಿಕಂಡಕ್ಟರ್, ಅಂದರೆ ಅರೆವಾಹಕ. ಅತಿನೇರಳೆ ಬೆಳಕು ಬಿದ್ದರೆ ಎಲೆಕ್ಟ್ರಾನ್ ಮೇಲಕ್ಕೆ ಜಿಗಿದು, ಕೆಳಗೆ ಖಾಲಿ ಜಾಗ ಉಳಿಯುತ್ತದೆ. ಎರಡೂ ಮತ್ತೆ ಕೂಡಿದಾಗ ಸುಮಾರು 380 ನ್ಯಾನೋಮೀಟರಿನ ಬೆಳಕು ಹೊರಡುತ್ತದೆ. ಆಕ್ಸಿಜನ್ ಬಂದು ಅಂಟಿದರೆ ಪುಡಿಯಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆಗ ಮೇಲ್ಮೈ ಹತ್ತಿರ ಹುಟ್ಟುವ ವಿದ್ಯುತ್ ಕ್ಷೇತ್ರ ಆ ಜೋಡಿಯನ್ನು ಕೂಡುವ ಮೊದಲೇ ಬೇರೆ ಮಾಡುತ್ತದೆ. ಆ ಕ್ಷೇತ್ರ ಹರಡಿದಷ್ಟು ದಪ್ಪದ ಪದರ ಬೆಳಗುವುದೇ ಇಲ್ಲ. ಅಮೋನಿಯಾ ಇದಕ್ಕೆ ಉಲ್ಟಾ. ಅದು ಎಲೆಕ್ಟ್ರಾನ್ ಕೊಡುತ್ತದೆ, ಕತ್ತಲ ಪದರ ತೆಳುವಾಗುತ್ತದೆ, ಹೊಳಪು ಜಾಸ್ತಿಯಾಗುತ್ತದೆ. ಪುಡಿಯೇ ಏಕೆ ಅಂದರೆ, ಅಷ್ಟೇ ತೂಕದ ಗಟ್ಟಿಗಿಂತ ಅದಕ್ಕೆ ಮೈ ಎಷ್ಟೋ ಪಾಲು ಹೆಚ್ಚು.

ಮಾಡುವುದು ಕಾಲೇಜಿನ ಲ್ಯಾಬಿನಲ್ಲಿ. ಚಿಟಿಕೆ ಪುಡಿಯನ್ನು ಸ್ಪಿರಿಟ್‌ನಲ್ಲಿ ಕದಡಿ, ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಹರಡಿ ಒಣಗಿಸಿ. ಸ್ಪಿರಿಟ್ ಪೂರ್ತಿ ಆರಿದ ಮೇಲೆ ಹಾಟ್‌ಪ್ಲೇಟಿನಲ್ಲಿ ಬಿಸಿ ಮಾಡಿ ನೀರಿನ ಪಸೆ ಓಡಿಸಿ. ಅತಿನೇರಳೆ ಬೆಳಕು ಹಾಯುವ ಕ್ವಾರ್ಟ್ಜ್ ಕಿಟಕಿಯ ಪೆಟ್ಟಿಗೆಯಲ್ಲಿಟ್ಟು, ಹೊಳಪು ಅಳೆಯುವ ಯಂತ್ರವಾದ ಫ್ಲೋರಿಮೀಟರಿನಲ್ಲಿ 340 ನ್ಯಾನೋಮೀಟರಿನ ಬೆಳಕು ಬಿಡಿ, 380ರ ಸುತ್ತ ಅಳೆಯಿರಿ. ನಾನು ಮೊದಲು ಖೋಟಾ ನೋಟು ನೋಡುವ 395ರ ಟಾರ್ಚ್ ಹಿಡಿದು ಒಂದು ಮಧ್ಯಾಹ್ನ ಸುಮ್ನೆ ಹಾಳು ಮಾಡಿಕೊಂಡೆ. ಈ ಪುಡಿಯ ಎಲೆಕ್ಟ್ರಾನನ್ನು ಎತ್ತಲು ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಆ ಟಾರ್ಚಿನಲ್ಲಿ ಇರುವುದು 3.14 ಮಾತ್ರ!

ಅನಿಲ ಬಿಡುವ ಮುನ್ನ ಕಾಯಿರಿ. ಬೀಳುವ ಬೆಳಕೇ ಅಂಟಿದ ಆಕ್ಸಿಜನ್ ಅನ್ನು ಸ್ವಲ್ಪ ಸ್ವಲ್ಪ ಎಬ್ಬಿಸುತ್ತದೆ, ಅಂಕಿ ಬದಲಾಗುತ್ತಲೇ ಇರುತ್ತದೆ. ಅದು ನಿಂತ ಮೇಲೆ ಬರೆದುಕೊಂಡದ್ದೇ ನಿಮ್ಮ ಅಳತೆಗೋಲು. ಹೆಚ್ಚಿನವರು ಎಡವುವುದು ಇಲ್ಲೇ.

ಈಗ ಫ್ಯೂಮ್ ಹುಡ್‌ನಲ್ಲಿ (ಅನಿಲವನ್ನು ಹೊರಗೆ ಎಳೆದು ಹಾಕುವ ಲ್ಯಾಬಿನ ಗೂಡು), ಗಾಳಿಯ ಜೊತೆ ಚೂರೇ ಚೂರು ಅಮೋನಿಯಾ ಹಾಯಿಸಿ. ಹೊಸ ಅಂಕಿಯನ್ನು ಹಳೆಯದರಿಂದ ಭಾಗಿಸಿ. ಮತ್ತೆ ಬರೀ ಗಾಳಿ ಹಾಯಿಸಿದಾಗ ಹೊಳಪು ಮೊದಲಿನ ಜಾಗಕ್ಕೆ ಇಳಿಯಬೇಕು. ಇಳಿಯದಿದ್ದರೆ ಅನಿಲ ಗಟ್ಟಿಯಾಗಿ ಕಚ್ಚಿಕೊಂಡಿರಬಹುದು. ಸ್ಲೈಡನ್ನು ಮತ್ತೆ ಬಿಸಿ ಮಾಡಿ. ಇದೇ ಪುಡಿಯಲ್ಲಿ ಹಸಿರು ಹೊಳಪೂ ಕಾಣಬಹುದು. ಅದು ಪುಡಿಯಿಂದ ಪುಡಿಗೆ ಬೇರೆ ಆಟ ಆಡುತ್ತದೆ, ಸದ್ಯಕ್ಕೆ ಅದರ ಗೋಜು ಬೇಡ. ನೀರಿನ ಆವಿಯೂ ಹೀಗೇ ಬಂದು ಅಂಟುತ್ತದೆ. ಹಾಗಾಗಿ ಏಪ್ರಿಲ್‌ನ ಒಣಗಾಳಿಯಲ್ಲಿ ತೆಗೆದ ಅಂಕಿಯನ್ನು ಜುಲೈನದರ ಪಕ್ಕ ಇಟ್ಟು ಹೋಲಿಸಬೇಡಿ.