ಗುಟ್ಟು ಯಾವುದನ್ನು ಇಡಬೇಕು? ಹೊಸ ಗೇಮ್ ಮಾಸ್ಟರ್‌ಗೆ

ರೋಲ್‌ಪ್ಲೇಯಿಂಗ್ ಆಟ ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ (ದಾಳ) ಹಾಕುತ್ತಾ ಕಥೆ ಸಾಗಿಸುವ ಆಟ. ಅದನ್ನು ನಡೆಸುವವರೇ ಗೇಮ್ ಮಾಸ್ಟರ್. ಹೊಸದಾಗಿ ಶುರು ಮಾಡಿದವರು ರಟ್ಟಿನ ಸ್ಕ್ರೀನ್ ಹಿಂದೆ ಎಲ್ಲವನ್ನೂ ಬಚ್ಚಿಡುತ್ತಾರೆ. ಅಷ್ಟೆಲ್ಲ ಬೇಡ. ಕೆಲವು ಡೈಸ್ ಮುಚ್ಚಿ ಹಾಕಿ, ಸುಳಿವು ಮಾತ್ರ ಧಾರಾಳವಾಗಿ ಕೊಡಿ.

ದಾವಣಗೆರೆಯ ನಮ್ಮ ಗುಂಪಿಗೆ ನಾನು ನಡೆಸುವ ಕಥೆ ಚಿತ್ರದುರ್ಗದ ಕೋಟೆಯದು. ಹೊರಗೆ ಹೈದರಾಲಿಯ ಸೈನ್ಯ, ಒಳಗೆ ಕಾವಲಿಗೆ ನಮ್ಮ ಆಟಗಾರರು. ಓಬವ್ವನ ಕಿಂಡಿ ಇಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ಅದನ್ನು ಗುಟ್ಟು ಮಾಡಿದರೆ ನಗುತ್ತಾರೆ. ಹಾಗಾಗಿ ಕಿಂಡಿಯನ್ನು ಮೊದಲೇ ತೋರಿಸಿಬಿಡುತ್ತೇನೆ. ಶತ್ರುವಿಗೆ ಅದರ ಸುದ್ದಿ ಮುಟ್ಟಿಸಿದವರು ಯಾರು ಅನ್ನುವುದೇ ನನ್ನ ಗುಟ್ಟು.

ಆ ಒಂದು ಗುಟ್ಟಿಗೆ ಮೂರು ಸುಳಿವು, ಮೂರು ಬೇರೆ ಜಾಗದಲ್ಲಿ. ಕಾವಲುಗಾರನ ಸೊಂಟದಲ್ಲಿ ಪರ ಊರಿನ ನಾಣ್ಯ. ಬತೇರಿಯ ಮೇಲೆ ಹೊತ್ತಲ್ಲದ ಹೊತ್ತಲ್ಲಿ ಹಚ್ಚಿದ ದೀವಟಿಗೆಯ ಮಸಿ. ಮಜ್ಜಿಗೆ ಮಾರುವವಳು ಕಂಡ ಅಪರಿಚಿತ. ಆಟಗಾರರು ಒಂದನ್ನು ಗಮನಿಸುವುದೇ ಇಲ್ಲ, ಇನ್ನೊಂದನ್ನು ತಪ್ಪು ತಿಳಿಯುತ್ತಾರೆ. ಮಜ್ಜಿಗೆಯವಳನ್ನು ಕೇಳಿದರೆ ಸಾಕು, ಡೈಸ್ ಇಲ್ಲದೆ ಹೇಳಿಬಿಡುತ್ತಾಳೆ. ಗಮ್‌ಶೂ ಅನ್ನುವ ಪತ್ತೇದಾರಿ ರೋಲ್‌ಪ್ಲೇಯಿಂಗ್ ಆಟದಲ್ಲಿ ಇದೇ ನಿಯಮ: ಸರಿಯಾದ ಕೌಶಲ ಇದ್ದವರು ಸರಿಯಾದ ಜಾಗದಲ್ಲಿ ಹುಡುಕಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತದೆ.

ಇನ್ನು ಡೈಸ್. 'ಇವನು ಸುಳ್ಳು ಹೇಳ್ತಿದ್ದಾನಾ?' ಅಂತ ತಿಳಿಯಲು ಆಟಗಾರ ತಾನೇ ಡೈಸ್ ಹಾಕಿ, ತೀರಾ ಕಡಿಮೆ, 3 ಬಿತ್ತು ಅನ್ನಿ. ನೀವು 'ಇಲ್ಲ, ನಿಜ ಹೇಳ್ತಿದ್ದಾನೆ' ಅಂದರೆ ಅವರು ನಂಬುತ್ತಾರಾ? ಇಂಥದ್ದನ್ನು ನೀವೇ ಸ್ಕ್ರೀನ್ ಹಿಂದೆ ಹಾಕಿ. ಪಾತ್‌ಫೈಂಡರ್ ಅನ್ನುವ ಆಟದ ಎರಡನೇ ಆವೃತ್ತಿಯಲ್ಲಿ ಇದಕ್ಕೆ ನಿಯಮವೇ ಇದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯಲ್ಲಿ ಪ್ಯಾಸಿವ್ ಪರ್ಸೆಪ್ಷನ್ ಇದೆ, ಅಂದರೆ ಡೈಸ್ ಹಾಕದೆಯೇ ಪಾತ್ರದ ಗಮನಕ್ಕೆ ಏನು ಬೀಳುತ್ತದೆ ಅನ್ನುವ ಲೆಕ್ಕ: 10ಕ್ಕೆ ಆ ಪಾತ್ರದ ಪರ್ಸೆಪ್ಷನ್ ಅಂಕ ಸೇರಿಸಿ. ಮಸಿ ಕಾಣಲು 15 ಬೇಕಿದ್ದರೆ, +5 ಇರುವವಳಿಗೆ ತಾನಾಗಿ ಕಾಣುತ್ತದೆ, +4 ಇರುವವನಿಗೆ ಇಲ್ಲ. ಎಲ್ಲರ ಅಂಕವನ್ನೂ ಚೀಟಿಯಲ್ಲಿ ಬರೆದು ಸ್ಕ್ರೀನಿಗೆ ಅಂಟಿಸಿಕೊಳ್ಳಿ. ಆಟದ ನಡುವೆ ಅಂಕ ಕೇಳಿದರೆ ಇಲ್ಲೇನೋ ಇದೆ ಅಂತ ಆಟಗಾರರಿಗೆ ಗುಮಾನಿ ಬರುತ್ತದೆ.

ಹೊಡೆದಾಟದ ಡೈಸ್ ಮಾತ್ರ ಎಲ್ಲರೆದುರೇ ಹಾಕಿ. ಪಾತ್ರ ಸತ್ತರೆ 'ನೀನೇ ಕೊಂದೆ' ಅನ್ನುವ ಜಗಳ ಇರಲ್ಲ.

ಒಬ್ಬರಿಗಷ್ಟೇ ಗೊತ್ತಿರಬೇಕಾದ ಸಂಗತಿ ಇದ್ದರೆ ಎಲ್ಲರಿಗೂ ಚೀಟಿ ಕೊಡಿ. ಒಂದರಲ್ಲಿ ಗುಟ್ಟು ಇರಲಿ, ಉಳಿದವುಗಳಲ್ಲಿ 'ಸುಮ್ನೆ ಓದಿ ಮಡಚಿಡು' ಅಂತಿರಲಿ. ಚೀಟಿ ಹಂಚಿದ ಮೇಲೆಯೇ ಮಂಡಕ್ಕಿ, ಮಿರ್ಚಿ ತಟ್ಟೆ ತನ್ನಿ, ಎಣ್ಣೆ ಕೈಗೆ ಸಿಕ್ಕ ಕಾಗದದಲ್ಲಿ ಅಕ್ಷರ ಆಚೆ ಬದಿಗೂ ಕಾಣುತ್ತದೆ. ಗುಂಪಿನಲ್ಲೇ ಒಬ್ಬರನ್ನು ದ್ರೋಹಿ ಮಾಡುವ ಯೋಚನೆ ಇದ್ದರೆ, ಅಂಥ ಆಟ ಇಷ್ಟವಾ ಅಂತ ಮೊದಲ ದಿನವೇ ಎಲ್ಲರನ್ನೂ ಕೇಳಿ. ಒಬ್ಬರು ಬೇಡ ಅಂದರೂ ದ್ರೋಹಿಯ ಪಾತ್ರ ನೀವೇ ಆಡಿ.