ಕುಚ್ಚಲಕ್ಕಿ ತೌಡು ಮತ್ತು 100 ಗ್ರಾಂ ಎನ್ಜೈಮ್

ಉಡುಪಿ ಜಿಲ್ಲೆಯ ಹೆಬ್ರಿ ಹತ್ತಿರ ನಮ್ಮದು ಎರಡು ಶೆಡ್. ಒಂದೊಂದರಲ್ಲಿ 1,000 ಬ್ರಾಯ್ಲರ್ ಕೋಳಿ. ನಾವು ಕಂಪನಿಯ ಗುತ್ತಿಗೆಗೆ ಸಾಕುವವರಲ್ಲ. ಮರಿ ನಾವೇ ತರುತ್ತೇವೆ, ಫೀಡನ್ನೂ ನಾವೇ ಕಲೆಸುತ್ತೇವೆ. ಮೆಕ್ಕೆಜೋಳ ದಾವಣಗೆರೆ ಕಡೆಯಿಂದ ಘಟ್ಟ ಇಳಿದು ಬರಬೇಕು. ಸೋಯಾ ಹಿಂಡಿಯೂ ಲಾರಿಯಲ್ಲೇ ಬರಬೇಕು. ಇಲ್ಲೇ ಸುಲಭದಲ್ಲಿ ಸಿಗುವುದು ಎರಡು: ಮಲ್ಪೆಯ ಒಣಮೀನು, ಕಾರ್ಕಳ ಕಡೆಯ ಮಿಲ್ಲಿನ ಕುಚ್ಚಲಕ್ಕಿ ತೌಡು. ಫೀಡು ಜೀರ್ಣವಾಗಲು ಸೇರಿಸುವ ಎನ್ಜೈಮ್ ಹಿಂದೆ ನಾನು ಬಿದ್ದದ್ದು ಈ ತೌಡಿನಿಂದಾಗಿ.

ಕುಚ್ಚಲಕ್ಕಿ ತೌಡಿಗೆ ಒಂದು ಒಳ್ಳೆಯ ಗುಣ ಉಂಟು. ಭತ್ತ ಬೇಯಿಸುವಾಗಲೇ ಎಣ್ಣೆ ಕೆಡಿಸುವ ಅಂಶ ಸಾಯುತ್ತದೆ. ಹಾಗಾಗಿ ಬೆಳ್ತಿಗೆ (ಭತ್ತ ಬೇಯಿಸದೆ ಮಾಡಿದ) ಅಕ್ಕಿ ತೌಡಿನಷ್ಟು ಬೇಗ ಅದು ಕಮಟುವುದಿಲ್ಲ. ಜೋಳಕ್ಕಿಂತ ಅಗ್ಗ ಕೂಡ. ಆದರೆ ಅದರ ನಾರು ಕೋಳಿಗೆ ಜೀರ್ಣವಾಗುವುದಿಲ್ಲ. ಎಲುಬು ಗಟ್ಟಿ ಮಾಡುವ ರಂಜಕ (ಫಾಸ್ಫರಸ್) ಬೇಕಾದಷ್ಟಿದೆ, ಅದರಲ್ಲಿ ಹೆಚ್ಚಿನ ಪಾಲು ಫೈಟೇಟ್ ಎಂಬ ರೂಪದಲ್ಲಿ ಕಟ್ಟಿಹಾಕಿಕೊಂಡಿರುತ್ತದೆ. ಅದನ್ನು ಬಿಡಿಸುವ ಫೈಟೇಸ್ ಎಂಬ ಎನ್ಜೈಮ್ ಕೋಳಿಯ ಹೊಟ್ಟೆಯಲ್ಲಿ ಸಾಕಷ್ಟು ಇಲ್ಲ. ಜೋಳ, ಸೋಯಾದಲ್ಲೂ ರಂಜಕದ ಸುಮಾರು ಮೂರರಲ್ಲಿ ಎರಡು ಪಾಲು ಹೀಗೇ ಇರುತ್ತದೆ. ತಿಂದದ್ದು ಹಿಕ್ಕೆಯಲ್ಲಿ ಹೋಗುತ್ತದೆ, ನಾವು ದುಡ್ಡು ಕೊಟ್ಟು ಮೇಲಿಂದ ಡಿಸಿಪಿ (ರಂಜಕ, ಕ್ಯಾಲ್ಸಿಯಂ ಎರಡೂ ಇರುವ ಡೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿ) ಹಾಕುತ್ತೇವೆ. ನೋಡಿದರೆ ಬೇಜಾರಾಗುತ್ತದೆ ಅಲ್ವಾ?

ಮೊದಲ ಸಲ ಫೈಟೇಸ್, ನಾರು ಒಡೆಯುವ ಜೈಲನೇಸ್, ಪ್ರೋಟೀನ್ ಒಡೆಯುವ ಪ್ರೋಟಿಯೇಸ್ ಮೂರೂ ಇದ್ದ ಪ್ಯಾಕೆಟ್ ತಂದು ಮಾಮೂಲಿ ಫೀಡಿನ ಮೇಲೆ ಉದುರಿಸಿದೆ. 40 ದಿನ ಕಾದೆ. ತೂಕದಲ್ಲಿ ಏನೂ ವ್ಯತ್ಯಾಸ ಇಲ್ಲ, ಖರ್ಚು ಮಾತ್ರ ಜಾಸ್ತಿ. ಪರಿಚಯದ ಪಶುವೈದ್ಯರಿಗೆ ಫೋನ್ ಮಾಡಿದೆ.

"ಡಿಸಿಪಿ ಎಷ್ಟು ಕಡಿಮೆ ಮಾಡಿದ್ರಿ?" ಅಂತ ಕೇಳಿದರು.

"ಕಡಿಮೆ ಮಾಡ್ಲಿಲ್ಲ ಡಾಕ್ಟ್ರೇ."

"ಮತ್ತೆ ಲಾಭ ಎಲ್ಲಿಂದ ಬರ್ಬೇಕು ಮಾರಾಯ್ರೆ?"

ಆ ಒಂದು ಪ್ರಶ್ನೆಯಲ್ಲಿ ನನಗೆ ವಿಷಯ ಅರ್ಥವಾಯಿತು. ಎನ್ಜೈಮ್ ಅಂದರೆ ಕೋಳಿ ದಪ್ಪ ಮಾಡುವ ಟಾನಿಕ್ ಅಲ್ಲ. ಫೀಡಿನಲ್ಲಿ ಮೊದಲೇ ಇರುವುದನ್ನು ಕೋಳಿಗೆ ಸಿಗುವ ಹಾಗೆ ಮಾಡುತ್ತದೆ, ಅಷ್ಟೇ. ಮೊದಲೇ ಎಲ್ಲ ಭರ್ತಿ ಹಾಕಿದ ಫೀಡಿಗೆ ಅದನ್ನು ಸೇರಿಸಿದರೆ, ಬಿಡಿಸಿಕೊಂಡ ರಂಜಕವೂ ಸುಮ್ನೆ ಹಿಕ್ಕೆಗೇ ಹೋಗುತ್ತದೆ.

ಎರಡನೇ ಬ್ಯಾಚಿನಲ್ಲಿ ದುರಾಸೆ ಮಾಡಿದೆ. ಟನ್ನಿಗೆ 10 ಕಿಲೋ ಡಿಸಿಪಿ ತೆಗೆದುಬಿಟ್ಟೆ. ಸುಣ್ಣದಂಶ ಕಡಿಮೆಯಾದೀತು ಅಂತ ಚಿಪ್ಪಿನ ಪುಡಿಯನ್ನು ಲೆಕ್ಕ ಇಲ್ಲದೆ ಸುರಿದೆ. ಮೂರು ವಾರ ದಾಟುವಾಗ ಕೆಲವು ಕೋಳಿ ಕಾಲು ಎಳೆಯಲು ಶುರು ಮಾಡಿದವು. ನೀರಿನ ಹತ್ತಿರ ಹೋಗಲು ಮೊಣಕಾಲಿನಲ್ಲಿ ತೆವಳುತ್ತಿದ್ದವು. ಈಗಲೂ ಆ ನೋಟ ಮರೆತಿಲ್ಲ. ಕ್ಯಾಲ್ಸಿಯಂ ಅತಿಯಾದರೆ ಅದು ಫೈಟೇಟಿಗೇ ಅಂಟಿಕೊಂಡು ಫೈಟೇಸಿನ ಕೆಲಸಕ್ಕೆ ಅಡ್ಡ ಬರುತ್ತದೆ. ಅಂದರೆ ರಂಜಕವನ್ನು ನಾನು ಎರಡೂ ಕಡೆಯಿಂದ ತಪ್ಪಿಸಿದ್ದೆ.

ಈಗ ಲೆಕ್ಕ ಹೀಗೆ. ನಾನು ತರುವ ಫೈಟೇಸ್ ಗ್ರಾಮಿಗೆ 5,000 ಯೂನಿಟ್‌ನದ್ದು. ಟನ್ನಿಗೆ 100 ಗ್ರಾಂ ಹಾಕಿದರೆ ಕಿಲೋ ಫೀಡಿಗೆ 500 ಯೂನಿಟ್ ಸಿಗುತ್ತದೆ. ಅದಕ್ಕೆ ಟನ್ನಿಗೆ 5 ಕಿಲೋ ಡಿಸಿಪಿ ಮಾತ್ರ ತೆಗೆಯುತ್ತೇನೆ, ಅದಕ್ಕಿಂತ ಜಾಸ್ತಿ ಇಲ್ಲ. ಚಿಪ್ಪಿನ ಪುಡಿ ತೂಗಿಯೇ ಹಾಕುವುದು. ತೌಡು ಫಿನಿಷರ್‌ನಲ್ಲಿ (ಕೊನೆಯ ಹಂತದ ಫೀಡಿನಲ್ಲಿ) ಮಾತ್ರ, 100ಕ್ಕೆ 8 ಕಿಲೋ. ಜೈಲನೇಸ್ ಇರುವ ಪ್ಯಾಕೆಟ್ ಅದರ ಜೊತೆಗೇ. ಮರಿಗಳಿಗೆ ತೌಡು ಕೊಡುವುದೇ ಇಲ್ಲ.

ಇನ್ನು ಕಲೆಸುವುದು. ನನ್ನ ಪ್ರಕಾರ ಅರ್ಧ ಫಲಿತಾಂಶ ಇದರಲ್ಲೇ ಇದೆ. 1,000 ಕಿಲೋದಲ್ಲಿ 100 ಗ್ರಾಂ ಅಂದರೆ ಎಷ್ಟು ಅಂತ ಯೋಚಿಸಿ. ರಾಶಿಯ ಮೇಲೆ ಎಸೆದು ಹಾರೆಯಲ್ಲಿ ತಿರುವಿದರೆ ಒಂದು ಕೋಳಿಗೆ ಹತ್ತರಷ್ಟು, ಇನ್ನೊಂದಕ್ಕೆ ಏನೂ ಇಲ್ಲ. ನಾನು ಮೊದಲು 1 ಕಿಲೋ ನುಣ್ಣಗಿನ ಜೋಳದ ಹಿಟ್ಟಿನಲ್ಲಿ ಕೈಯಲ್ಲೇ ಕಲೆಸುತ್ತೇನೆ. ಅದನ್ನು 10 ಕಿಲೋಗೆ, ಆಮೇಲೆ 100 ಕಿಲೋಗೆ. ಕೊನೆಗೆ ಮಿಕ್ಸರಿಗೆ. ಫೀಡಿಗೆ ಹಾಕುವ ವಿಟಮಿನ್‌ನಂಥ ಕೋಲೀನ್ ಕ್ಲೋರೈಡ್ ಜೊತೆ ಎನ್ಜೈಮ್ ಬೆರೆಸಿ ಇಡುವುದಿಲ್ಲ. ಅದು ಗಾಳಿಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಿ ಕೇಳುವುದೇ ಬೇಡ. ಎನ್ಜೈಮ್ ಡಬ್ಬವನ್ನು ತಗಡಿನ ಮಾಡಿನಡಿ ಇಡದೆ ಮನೆಯೊಳಗೆ ತಂಪಿನಲ್ಲಿ ಇಡುತ್ತೇನೆ. ಅದು ಪ್ರೋಟೀನ್, ಬಿಸಿ ತಾಗಿದರೆ ಕೆಡುತ್ತದೆ. ಗುಳಿಗೆ ಫೀಡ್ ಮಾಡಿಸುವವರು ಬಿಸಿ ತಡೆಯುವಂಥದ್ದನ್ನೇ ಕೇಳಿ ತರಬೇಕು. ನಮ್ಮದು ಪುಡಿ ಫೀಡ್, ಆ ಚಿಂತೆ ಇಲ್ಲ.

ನಂಬಿಕೆ ಬರಲು ಒಂದು ಶೆಡ್ಡಿನ ನಡುವೆ ಬಲೆ ಕಟ್ಟಿ ನೋಡಿದೆ. ಒಂದೇ ದಿನದ ಮರಿ, ಆ ಕಡೆ 500, ಈ ಕಡೆ 500. ಒಂದು ಕಡೆ ಹಳೆಯ ಫೀಡ್. ಇನ್ನೊಂದು ಕಡೆ ತೌಡು ಸೇರಿಸಿ, ಡಿಸಿಪಿ ತೆಗೆದು, ಎನ್ಜೈಮ್ ಹಾಕಿದ್ದು. 35ನೇ ದಿನ ಎರಡೂ ಕಡೆಯಿಂದ 50 ಕೋಳಿ ಹಿಡಿದು ತೂಗಿದೆವು. ತೂಕ ಹತ್ತಿರ ಹತ್ತಿರ ಒಂದೇ. ಒಂದು ಕಿಲೋ ತೂಕಕ್ಕೆ ತಿಂದ ಫೀಡೂ ಎರಡೂ ಕಡೆ 1.8 ಕಿಲೋ ಆಸುಪಾಸು. ಆದರೆ ಆ ಫೀಡಿನ ಬೆಲೆ ಒಂದು ಕಡೆ ಕಡಿಮೆ. ನನಗೆ ಬೇಕಾದದ್ದು ಅದೇ.

ಒದ್ದೆ ಲಿಟರಿನ (ಶೆಡ್ಡಿನ ನೆಲಕ್ಕೆ ಹಾಸುವ ಉಮಿಯ) ಬಗ್ಗೆ ಒಂದು ಮಾತು ಹೇಳಲೇಬೇಕು. ಎನ್ಜೈಮ್ ಹಾಕಿದರೆ ಲಿಟರ್ ಒಣಗುತ್ತದೆ ಅಂತ ಮಾರುವವರು ಹೇಳುತ್ತಾರೆ. ಗೋಧಿ, ತೌಡಿನಂಥ ನಾರಿನಿಂದ ಹಿಕ್ಕೆ ಅಂಟಾಗಿದ್ದರೆ ಹೌದು. ಆದರೆ ಒಂದು ಜುಲೈಯಲ್ಲಿ ನಮ್ಮ ಶೆಡ್ಡಿನೊಳಗೆ ಹೋದರೆ ಕಣ್ಣು ಉರಿಯುವಷ್ಟು ಅಮೋನಿಯಾ. ಎನ್ಜೈಮ್ ಹಾಕುತ್ತಲೇ ಇದ್ದೆ. ಕೊನೆಗೆ ಒಣಮೀನಿನ ಪುಡಿಯನ್ನು ನಾಲಿಗೆಗೆ ಹಚ್ಚಿ ನೋಡಿದೆ. ಬರೀ ಉಪ್ಪು! ಉಪ್ಪು ತಿಂದ ಕೋಳಿ ನೀರು ಕುಡಿಯದೆ ಇರುತ್ತದಾ? ಮೀನು ಕಡಿಮೆ ಮಾಡಿದೆ, ಮೇಲಿಂದ ಹಾಕುವ ಉಪ್ಪು ನಿಲ್ಲಿಸಿದೆ, ಕೋಳಿ ನೀರು ಕುಡಿಯುವ ಲೈನಿನ ಸೋರುವ ನಿಪ್ಪಲ್ ಬದಲಿಸಿದೆ, ಹೊಸ ಉಮಿ ಹರಡಿದೆ. ವಾರದಲ್ಲಿ ಸರಿಯಾಯಿತು.

ಜೂನ್, ಜುಲೈಯಲ್ಲಿ ಟ್ರಾಲ್ ಬೋಟ್ ಕಡಲಿಗೆ ಇಳಿಯುವುದಿಲ್ಲ, ಮೀನು ಕಡಿಮೆ, ಕೋಳಿಗೆ ಬೇಡಿಕೆ. ನಮಗೆ ಬ್ಯಾಚ್ ಕೆಡಬಾರದ ಸಮಯವೂ ಅದೇ, ಮಳೆ ಹೊಡೆಯುವ ಸಮಯವೂ ಅದೇ. ಆಗ ದಿನಾ ಬೆಳಿಗ್ಗೆ ಶೆಡ್ಡಿನ ನಾಲ್ಕು ಮೂಲೆಯಿಂದ ಒಂದೊಂದು ಮುಷ್ಟಿ ಲಿಟರ್ ತೆಗೆದು ಹಿಂಡುತ್ತೇನೆ. ಕೈ ಬಿಟ್ಟಾಗ ಉದುರಿದರೆ ಸರಿ. ಉಂಡೆಯಾಗಿ ನಿಂತರೆ ಮೊದಲು ನೀರಿನ ಲೈನ್, ಆಮೇಲೆ ಉಪ್ಪು, ಕೊನೆಗೆ ಎನ್ಜೈಮ್ ಡಬ್ಬ ನೋಡುತ್ತೇನೆ.